ಉಡಿಯಲ್ಲಿ ಒಂದು ಷೇರು

ಇಂಡಿ
12 ನವೆಂಬರ್ 2022

ಚಿ. ಜಯಮಾಲಾಗೆ, ನಿನ್ನ ತಾಯಿಯ ಒಬ್ಬನೇ ಅಣ್ಣ ಮಡಿವಾಳಪ್ಪ ಮಾಡುವ ಆಶೀರ್ವಾದ.

ನಿನ್ನ ಹೆಸರಿನ ಮುಂದೆ ಮೊದಲಾದರೆ 'ಸೌ' ಎಂದು ಬರೆಯುತ್ತಿದ್ದೆ. ನಿನ್ನ ಗಂಡ ಸಂಜೀವಕುಮಾರ ಹೋದ ಮೇಲೆ ಆ ಜಾಗ ಖಾಲಿ ಬಿದ್ದಿದೆ. ಖಾಲಿ ಜಾಗ ನೋಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಅದು ಕಾಗದದ ಮೇಲಿರಲಿ, ಪೇಟೆಯಲ್ಲಿರಲಿ. ಅದಕ್ಕೇ ಈ ಪತ್ರ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಮ್ಮ ಆಫೀಸಿನ ಹುಡುಗಿ ನೋಡಿ, "ಸಾವಕಾರ್ರ, ನಿಮ್ಮನ್ನ ಬ್ಲಾಕ್ ಮಾಡ್ಯಾರ್ರಿ" ಎಂದಳು. ಸ್ವಂತ ಸೋದರಮಾವನನ್ನು ಬ್ಲಾಕ್ ಮಾಡಿದ ಮೊದಲ ಹೆಣ್ಣುಮಗಳು ನೀನೇ ಇರಬೇಕು. ಇರಲಿ. ಏಳನೇ ಇಯತ್ತೆಯಲ್ಲಿ ಇಡೀ ಸಾಲಿಗೆ ಚೊಲೋ ಅಕ್ಷರ ನನ್ನದೇ. ಮಾಸ್ತರರು ಉಳಿದವರ ಕಿವಿ ಹಿಂಡಿ ನನ್ನ ಪಾಟಿ ತೋರಿಸುತ್ತಿದ್ದರು. ಆ ಅಕ್ಷರವನ್ನು ಬ್ಲಾಕ್ ಮಾಡುವ ಮಷೀನು ಇನ್ನೂ ಹುಟ್ಟಿಲ್ಲ. ಮಾಲಿನ ಗಾಡಿಯ ಆಸಿಫ ನಮ್ಮಲ್ಲೂ ನಿಮ್ಮಲ್ಲೂ ಎಣ್ಣೆ ಡಬ್ಬಿ ಇಳಿಸುತ್ತಾನಲ್ಲ, ಅವನ ಕೈಯಲ್ಲೇ ಕಳಿಸಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ಈಗ ಸುದ್ದಿ. ನಾನು ಅಧ್ಯಕ್ಷನಾಗಿರುವ ರಾಶಿ ಸಹಕಾರಿ ಬಜಾರ ಇಂಡಿಯಲ್ಲಿ, ಸಿಂದಗಿಯಲ್ಲಿ ಹೇಗೆ ನಡೆದಿದೆ ಎಂದು ಹೊಗಳಿಕೊಳ್ಳುವ ಮನುಷ್ಯ ನಾನಲ್ಲ. ಆಲಮೇಲದ ಹೆಣ್ಣುಮಕ್ಕಳು ಬಸ್ಸು ಹತ್ತಿ ಸಿಂದಗಿಗೆ ಬಂದು ನಮ್ಮ ತೊಗರಿಬೇಳೆ ಒಯ್ಯುತ್ತಾರೆ, ಅಷ್ಟು ಹೇಳಿದರೆ ಸಾಕು. ಅಲ್ಲಿ ಬೇಳೆ ಇಲ್ಲವೆಂದಲ್ಲ, ಮಡಿವಾಳಪ್ಪನ ಬೇಳೆ ಬೇಕೆಂದು. ಬಸವನ ಬಾಗೇವಾಡಿಯಲ್ಲಿ ನೀನು ನಡೆಸುತ್ತಿರುವ ಹಂತಿ ಸಹಕಾರಿ ಬಜಾರದ ಎದುರಿಗೆ, ರಸ್ತೆಯ ಆ ಮಗ್ಗುಲಿಗೆ, ಬಟ್ಟೆ ಅಂಗಡಿ ಮುಚ್ಚಿಹೋದ ಕಟ್ಟಡ ಇದೆಯಲ್ಲ? ಅದು ಈಗ ನಮ್ಮದು. ಸಂಕ್ರಾಂತಿ ಕಳೆದ ಮೇಲೆ ಪೂಜೆ.

ಸಿಟ್ಟಾಗಬೇಡ. ಗಲ್ಲಾದ ಮೇಲೆ ಕುಳಿತು ತಲೆ ಎತ್ತಿದರೆ ಸಾಕು, ನಿನಗೆ ನಿನ್ನ ಮಾಮಾನ ಮುಖ ಕಾಣುತ್ತದೆ. ಎಷ್ಟು ಜನರಿಗೆ ಈ ಭಾಗ್ಯ ಉಂಟು?

ನಿನ್ನ ಬೆಳವಣಿಗೆಯನ್ನೇ ಬಯಸುವ,
ಮಡಿವಾಳಪ್ಪ ಮಾಮಾ


ಬಸವನ ಬಾಗೇವಾಡಿ
20 ನವೆಂಬರ್ 2022

ಮಾಮಾ,

ನಮಸ್ಕಾರ. ಪತ್ರ ಮುಟ್ಟಿತು.

ಎರಡೂ ಸಂಘಗಳ ಹಿರಿಯರು ಕೂಡಿ ಮಾತಾಡಿದ್ದು ನಿಮಗೆ ಮರೆತಿರಲಾರದು. ಆ ಸಭೆಯಲ್ಲಿ ನೀವೂ ಇದ್ದಿರಿ. ಭೀಮೆಯ ಕಡೆ ಇಂಡಿ, ಸಿಂದಗಿ ರಾಶಿಯವರದು. ಕೃಷ್ಣೆಯ ಕಡೆ ಮುದ್ದೇಬಿಹಾಳ, ಬಾಗೇವಾಡಿ ಹಂತಿಯವರದು. ಖಾಸಗಿ ಅಂಗಡಿಯವರೊಂದಿಗೆ ಬೇಕಾದಷ್ಟು ಗುದ್ದಾಡೋಣ, ಸಹಕಾರಿಗಳು ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಕಾಲಿಡುವುದು ಬೇಡ ಎಂದು ಮೈಕು ಹಿಡಿದು ಹೇಳಿದವರು ನೀವೇ.

ನನ್ನ ಮಾತು ಸಣ್ಣದು. ನನಗೆ ಇರುವುದು ಈ ಅಂಗಡಿ ಒಂದೇ. ಅವರು ತೀರಿಕೊಂಡ ಮೇಲೆ ಇಂಗಳೇಶ್ವರದಲ್ಲಿ ಮೈದುನನ ಮನೆಯ ಒಲೆ ಮುಂದೆ ಒಂದು ವರ್ಷ ಕಳೆದೆ. ಅಲ್ಲಿ ನನ್ನ ಮಗಳು ಭಾಗ್ಯಾ ಇನ್ನೊಂದು ರೊಟ್ಟಿ ಕೇಳುವ ಮೊದಲು ಎಲ್ಲರ ಮುಖ ನೋಡುತ್ತಿದ್ದಳು. ಈಗ ಕೇಳಿ ಉಣ್ಣುತ್ತಾಳೆ. ಈ ಗಲ್ಲಾದಿಂದ ನನ್ನನ್ನು ಇಳಿಸಿದರೆ ನಾನು ಅದೇ ಒಲೆಗೆ ಹೋಗಬೇಕು. ನಿಮಗಿದು ಇನ್ನೊಂದು ಅಂಗಡಿ, ಅಷ್ಟೇ. ಯೋಚನೆ ಮಾಡಿರಿ.

ಸಿದ್ದಲಿಂಗವ್ವ ಅತ್ತಿಗೂ ನಮಸ್ಕಾರ ತಿಳಿಸಿರಿ.

ಜಯಮಾಲಾ


ಇಂಡಿ
18 ಜನವರಿ 2023

ಚಿ. ಜಯಾಗೆ, ಸಂಕ್ರಾಂತಿಯ ಎಳ್ಳು ಇನ್ನೂ ನಾಲಿಗೆಯ ಮೇಲಿರುವಾಗ ಬರೆದದ್ದು.

ಯೋಚನೆ ಮಾಡಿರಿ ಎಂದು ನೀನು ಬರೆದಿದ್ದೆ. ಮಾಡಿದೆ. ಎಂಥ ಯೋಚನೆ ಬಂತು ಎಂದರೆ, ನನ್ನ ತಲೆಯನ್ನು ನಾನೇ ಒಮ್ಮೆ ಕೈಯಿಂದ ಸವರಿಕೊಂಡೆ.

ಎಲ್ಲರೂ ಅಂಗಡಿ ತೆಗೆಯುವಾಗ ಏನು ಮಾಡುತ್ತಾರೆ? ಸಕ್ಕರೆ ಅಗ್ಗ ಮಾಡುತ್ತಾರೆ, ಬಕೀಟು ಪುಕ್ಕಟೆ ಕೊಡುತ್ತಾರೆ. ಬಕೀಟು ಒಡೆದ ದಿನ ಗಿರಾಕಿ ಮರೆಯುತ್ತಾಳೆ. ನಾನು ಉಡಿ ತುಂಬುತ್ತೇನೆ! ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿಣ ಬೇರು, ಕುಪ್ಪಸದ ಖಣ. ನಮ್ಮ ಕಡೆಯ ಹೆಣ್ಣುಮಗಳು ಉಡಿ ತುಂಬಿಸಿಕೊಂಡ ಮನೆಯನ್ನು ತವರು ಎಂದೇ ತಿಳಿಯುತ್ತಾಳೆ. ತವರಿನ ಎದುರಿಗೆ ನಿಂತು ಮತ್ತೊಬ್ಬರ ಅಂಗಡಿಯಲ್ಲಿ ಸಾಸಿವೆ ಕೊಂಡಾಳೆಯೇ? ಆಟೋದಲ್ಲಿ ಮೈಕು ಕಟ್ಟಿ ಹಳ್ಳಿಹಳ್ಳಿಗೆ ಬಿಟ್ಟಿದ್ದೇನೆ: "ತವರಿಗೆ ಬರ್ರೆವ್ವಾ, ಉಡಿ ತುಂಬಿಸ್ಕೊಳ್ರಿ!" ಮುಳವಾಡದ ಕಡೆ ಆಟೋದ ಹಿಂದೆ ಮುದುಕಿಯರು ನಡೆದು ಬಂದರಂತೆ.

ಇನ್ನೊಂದು ಕೇಳು, ಇದು ನನ್ನ ಸ್ವಂತದ್ದು. ಆ ಖಣದ ಮಡಿಕೆಯಲ್ಲಿ ರಾಶಿ ಬಜಾರದ ಒಂದು ಷೇರು. ಸಂಘದ ಜಾಹೀರಾತಿನ ಖರ್ಚಿನಲ್ಲೇ ಬಂದವರ ಹೆಸರಿಗೆ ಹಾಕಿಸುತ್ತೇನೆ. ಉಡಿ ತುಂಬಿಸಿಕೊಂಡವಳು ಅಂದಿನಿಂದಲೇ ಸಂಘದ ಸದಸ್ಯೆ. ಕಾರ್ಯಕ್ಷೇತ್ರ ಬಾಗೇವಾಡಿಗೂ ವಿಸ್ತಾರವಾಗುವಂತೆ ಬೈಲಾ ತಿದ್ದಿಸಿ ಆಗಿದೆ. ವರ್ಷದೊಳಗೆ ಜಿಲ್ಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸದಸ್ಯರು ನಮ್ಮವರು. ಸೆಕ್ರೆಟರಿ ಗುರಪ್ಪ "ಹಿಂಗ್ ಹಂಚಬಾರದ್ರಿ, ಮುಂದ ತ್ರಾಸ ಆಕ್ಕೈತಿ" ಎಂದು ಗೊಣಗಿದ. ಅವನು ಬಿ.ಕಾಂ. ಓದಿದವನು, ಅಂಜುಬುರುಕ.

ಕರೆಯೋಲೆ ಇಟ್ಟಿದ್ದೇನೆ. ಖಂಡಿತ ಬಾ. ನೆರೆಯ ಅಂಗಡಿಯವಳು ಬರದಿದ್ದರೆ ಜನ ಏನೆಂದಾರು?

ಮಡಿವಾಳಪ್ಪ ಮಾಮಾ


ಬಸವನ ಬಾಗೇವಾಡಿ
9 ಫೆಬ್ರವರಿ 2023

ಮಾಮಾ,

ನೀವು ಕರೆದಿರಿ ಎಂದು ಬಂದೆ. ಬರುವವಳಿರಲಿಲ್ಲ. ನಮ್ಮಲ್ಲಿ ಕಾಳು ಹಸನು ಮಾಡುವ ರೇವವ್ವ ಬಿಡಲಿಲ್ಲ. "ಬಾರವ್ವಾ, ನಿನ್ನ ಮಾಮಾಂದ ಅಂಗಡಿ, ನೀ ಬರಲಿಲ್ಲಂದ್ರ ನಾವ್ ಹೆಂಗ್ ಹೋಗೂನು?" ಎಂದು ಕೈ ಹಿಡಿದು ಎಳೆದುಕೊಂಡು ಬಂದಳು. ಹೆಣ್ಣುಮಕ್ಕಳ ಸಾಲು ರಸ್ತೆಯ ತನಕ ಇತ್ತು. ಒಳಗೆ ಅತ್ತಿ ತಾಟು ಹಿಡಿದು ನಿಂತಿದ್ದಳು. ರೇವವ್ವನ ಉಡಿ ತುಂಬಿತು. ಅವಳು ಸರಿದಳು, ಹಿಂದಿನವರು ನೂಕಿದರು, ನಾನು ಅತ್ತಿಯ ಎದುರಿಗೆ ಬಂದೆ. ಎಷ್ಟೋ ವರ್ಷದ ರೂಢಿ ನೋಡಿರಿ, ನನ್ನ ಕೈ ತಾನೇ ಸೆರಗು ಹಿಡಿಯಿತು. ಬುದ್ಧಿಗೆ ತಿಳಿಯುವ ಮೊದಲೇ ಹಿಡಿಯಿತು.

ನೀವು ಆಗ ಮೈಕಿನಲ್ಲಿ ಹೇಳಿದ್ದನ್ನು ನೀವೇ ಮರೆತಿದ್ದರೆ ಇಲ್ಲಿ ಬರೆಯುತ್ತೇನೆ.

"ಏ ಸಿದ್ಲಿಂಗವ್ವ, ಕೈ ತಡಿ, ಕೈ ತಡಿ! ಅಕಿ ನಮ್ಮ ಜಯಾ. ಅಕಿಗೆ ಉಡಿ ಬ್ಯಾಡ, ಹಿಂದ ಕರ್ಕೊಂಡ್ ಹೋಗಿ ಉಪ್ಪಿಟ್ಟು ಕೊಡ್ರಿ. ತಮ್ಮಂದಿರಾ, ಹಂತಿ ಬಜಾರದ ಮ್ಯಾನೇಜರ್ ಬಾಯಿ ಹಸದ ಬಂದಾರ!"

ಇಡೀ ಪೇಟೆ ನಕ್ಕಿತು. ನಿಮ್ಮ ಮೈಕು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ. ಅತ್ತಿ ಮಾತ್ರ ತಲೆ ತಗ್ಗಿಸಿದಳು. ಅವಳ ಕಣ್ಣಲ್ಲಿ ನೀರಿತ್ತು ಎಂದು ನನಗನಿಸಿತು.

ಸಂಜೆ ಸಾಲಿಯಿಂದ ಬಂದ ಭಾಗ್ಯಾ ಕೇಳಿದಳು: "ಯವ್ವಾ, ಮೈಕಿನಾಗ ಅಜ್ಜ ನಿನಗ ಉಪ್ಪಿಟ್ಟು ಕೊಡ್ತೇನಿ ಅಂದ್ನಲ್ಲ, ನನಗಷ್ಟ ತಂದಿಯೇನ?"

ಜಯಮಾಲಾ


ಇಂಡಿ
2 ಏಪ್ರಿಲ್ 2023

ಚಿ. ಜಯಾಗೆ, ಉತ್ತರ ಬರೆಯಲು ತಡವಾಯಿತು. ವ್ಯಾಪಾರ ಬಿಡಬೇಕಲ್ಲ.

ಹಸಿದವರಿಗೆ ಉಣ್ಣಿಸಿ ಎಂದದ್ದು ತಪ್ಪಾಯಿತೇ? ಮಂದಿ ನಕ್ಕರೆ ಅದು ನನ್ನ ಮಾತಿನ ಗುಣ. ನಾನು ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅಲ್ಲಿ ಎರಡು ಮಂದಿ ನಗುತ್ತಾರೆ. ಮಗಳಿಗೆ ಉಪ್ಪಿಟ್ಟು ಕಳಿಸಲಿಲ್ಲ ಎಂಬುದು ಮಾತ್ರ ನನ್ನ ಮನಸ್ಸಿಗೆ ಹತ್ತಿತು. ಆಸಿಫನ ಕೈಯಲ್ಲಿ ಚುರುಮುರಿ ಚೀಲ ಕಳಿಸಿದ್ದೇನೆ.

ನಿನ್ನ ಅಂಗಡಿಗೆ ಮುಂಜಾನೆ ಜನ ಬರುತ್ತಿಲ್ಲವೆಂದು ಆಸಿಫ ಹೇಳಿದ. ನಾನು ಜನರ ತಲೆ ಕೆಡಿಸಿದ್ದೇನೆ ಎಂದು ನೀನು ಅವನ ಮುಂದೆ ಅಂದೆಯಂತೆ. ಜಯಾ, ನಾನು ಯಾರಿಗೂ ಏನೂ ಹೇಳಿಲ್ಲ. ದೇವರಾಣೆ. ಕೇಳಿದ್ದೇನೆ, ಅಷ್ಟೇ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು, ಮಂದಿ ಇರುವ ಹೊತ್ತು ನೋಡಿ, "ಅಲ್ರೆಪ್ಪಾ, ಆ ಹಂತಿ ಬಜಾರದಾಗ ಮುಂಜಾನಿ ಗಲ್ಲಾ ಯಾರ್ ತೆಗೀತಾರ?" ಎಂದು ಕೇಳಿದೆ. ಅವರು ನಿನ್ನ ಹೆಸರು ಹೇಳಿದರು. ನಾನು "ಹೌದಾ?" ಎಂದೆ. ಬಸಿಯಲ್ಲಿದ್ದ ಚಹಾ ಕುಡಿದು ಎದ್ದು ಬಂದೆ. ಒಂದು ಸುಳ್ಳು ಮಾತಿದ್ದರೆ ತೋರಿಸು.

ಈ ಯುಕ್ತಿಯನ್ನು ಬಿ.ಕಾಂ. ಓದಿದವರಿಗೆ ಕಲಿಸಲು ಬರುವುದಿಲ್ಲ. ಬೇಳೆಯಲ್ಲಿ ಹರಳು ಇದೆ ಎಂದು ಹಬ್ಬಿಸಿದರೆ ನೀನು ಬೇಳೆ ತೂರಿ ತೋರಿಸುತ್ತಿದ್ದೆ. ಎಣ್ಣೆ ಕಲಬೆರಕೆ ಎಂದರೆ ಪರೀಕ್ಷೆಗೆ ಕಳಿಸುತ್ತಿದ್ದೆ. ಇದಕ್ಕೆ ಏನು ತೋರಿಸುತ್ತೀ?

ದಿನದ ಮೊದಲ ಖರೀದಿ ಚೊಲೋ ಕೈಯಿಂದ ಆಗಲಿ ಎಂದು ಮಂದಿ ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಬಂದವರನ್ನು ಹೊಡೆದು ಓಡಿಸಲೇ?

ಮಡಿವಾಳಪ್ಪ ಮಾಮಾ


ಇಂಡಿ
17 ಆಗಸ್ಟ್ 2023

ಚಿ. ಜಯಾಗೆ,

ಏಪ್ರಿಲ್ ಆದ ಮೇಲೆ ನಿನ್ನ ಒಂದು ಅಕ್ಷರವೂ ಇಲ್ಲ. ನಿನ್ನೆ ಬಾಗೇವಾಡಿಯಲ್ಲೇ ಇದ್ದೆ. ನಿಮ್ಮ ಮುದ್ದೇಬಿಹಾಳದ ದೊಡ್ಡವರು ಬಂದು ಬೋರ್ಡು ಇಳಿಸಿದ್ದನ್ನು ನಮ್ಮ ಕಟ್ಟೆಯ ಮೇಲೆ ಖುರ್ಚಿ ಹಾಕಿಕೊಂಡು ನೋಡಿದೆ. ನಿಚ್ಚಣಿಕೆ ಅವರ ಹತ್ತಿರ ಇರಲಿಲ್ಲ. ನಾನೇ ಕೊಟ್ಟೆ. ಸಹಕಾರ ಎಂದರೆ ಅದು.

ನೀನು ಬಾಗಿಲ ಹತ್ತಿರ ನಿಂತಿದ್ದೆ. ಕರೆದೆ, ಈ ಕಡೆ ನೋಡಲಿಲ್ಲ. ರೇವವ್ವ ನಮ್ಮ ಅಂಗಡಿಯೊಳಗೆ ಉಪ್ಪಿನ ಪಾಕೀಟು ಜೋಡಿಸುತ್ತಿದ್ದಳು, ಅವಳೂ ಕಿಟಕಿಯಿಂದ ನೋಡಿದಳು. "ಪಾಪ, ಚೊಲೋ ಇದ್ದಳ್ರಿ" ಎಂದಳು. ಚೊಲೋ ಇದ್ದವರ ಹತ್ತಿರ ಇರಬೇಕಾಗಿತ್ತು ಎಂದೆ. "ಅಲ್ಲಿ ಪಗಾರ ಎಲ್ಲೈತ್ರಿ?" ಎಂದಳು. ಬುದ್ಧಿವಂತೆ.

ಈಗ ಮೈದುನನ ಮನೆಗೆ ಹೋಗಬೇಡ. ನಮ್ಮ ಮನೆಗೆ ಬಾ. ನಿಮ್ಮ ಅತ್ತಿಗೆ ಮೊಣಕಾಲು ನೋವು, ರೊಟ್ಟಿ ಬಡಿಯಲು, ಭಾಂಡೆ ತಿಕ್ಕಲು ಆಳು ನಿಲ್ಲುತ್ತಿಲ್ಲ. ಪಗಾರ ಕೊಟ್ಟು ಪರಕೀಯಳನ್ನು ಮಾಡುವುದಿಲ್ಲ, ಮನೆಯ ಮಗಳಂತೆ ಇರು. ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸುತ್ತೇನೆ. ಭಾಗ್ಯಾಳಿಗೆ ಇಂಡಿಯ ಸಾಲಿ.

ನಾನಿರುವ ತನಕ ನೀನು ಬೀದಿಗೆ ಬೀಳುವುದಿಲ್ಲ.

ಮಡಿವಾಳಪ್ಪ ಮಾಮಾ


ಬಸವನ ಬಾಗೇವಾಡಿ
6 ಅಕ್ಟೋಬರ್ 2023

ಮಾಮಾ,

ಬರುವುದಿಲ್ಲ.

ಕಟಕ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕುತ್ತಿದ್ದೇನೆ. ಬಾಡಿಗೆಗೆ ಸಾಕಾಗುತ್ತದೆ, ಭಾಗ್ಯಾಳ ಸಾಲಿಯ ಫೀಗೆ ಸಾಕಾಗುವುದಿಲ್ಲ. ಇನ್ನು ಎಷ್ಟು ತಿಂಗಳು ಹೀಗೆ ತಡೆದೇನೋ ತಿಳಿಯದು. ನನಗೆ ಗಲ್ಲಾದ ಕೆಲಸ ಬೇಕು. ಅದು ನನಗೆ ಬರುತ್ತದೆ. ಈಗ ಈ ಊರಲ್ಲಿ ಉಳಿದಿರುವುದು ನಿಮ್ಮ ಗಲ್ಲಾ ಒಂದೇ.

ಒಂದು ಸುದ್ದಿ ನಿಮಗೂ ತಿಳಿದಿರಲಿ. ಮೊನ್ನೆ ರೇವವ್ವ ಉಡಿಯಲ್ಲಿ ಬಂದ ಖಣ ಹೊಲಿಸಲು ತೆಗೆದಳಂತೆ, ಒಳಗಿದ್ದ ಕಾಗದ ಹಿಡಿದು ನನ್ನ ಹತ್ತಿರ ಬಂದಳು. "ಇದೇನ ಐತಿ ಓದವ್ವಾ" ಎಂದಳು. ಓದಿ ಹೇಳಿದೆ. ನೀನು ಆ ಸಂಘದ ಮಾಲಕಿ, ವರ್ಷ ತುಂಬಿದರೆ ನಿನಗೆ ಒಂದು ಮತ, ಮಡಿವಾಳಪ್ಪ ಸಾವಕಾರರಿಗೂ ಒಂದೇ ಮತ ಎಂದೆ. ಬಹಳ ಹೊತ್ತು ನಕ್ಕಳು.

ಈಗ ಅವಳ ಓಣಿಯವರೆಲ್ಲ ತಮ್ಮ ತಮ್ಮ ಖಣ ಹಿಡಿದು ಬರುತ್ತಿದ್ದಾರೆ. ಎಲ್ಲರಿಗೂ ಓದಿ ಹೇಳುತ್ತಿದ್ದೇನೆ.

ಜಯಮಾಲಾ


ಇಂಡಿ
28 ಜನವರಿ 2024

ಜಯಾ,

ಆಶೀರ್ವಾದ ಆಮೇಲೆ. ಮೊದಲು ಇದನ್ನು ಓದು.

ಮಾರ್ಚಿನಲ್ಲಿ ನಮ್ಮ ಸಂಘದ ಚುನಾವಣೆ. ನೀನು ಇಂಗಳೇಶ್ವರ, ಮುಳವಾಡ, ಎಲ್ಲೆಲ್ಲಿ ಆಟೋ ತಿರುಗಿತ್ತೋ ಅಲ್ಲೆಲ್ಲ ಮನೆಮನೆಗೆ ಹೋಗಿ ನನ್ನ ಗುಂಪಿನ ವಿರುದ್ಧ ಮತ ಕೇಳುತ್ತಿದ್ದೀಯಂತೆ. ಆಸಿಫನ ಗಾಡಿಯಲ್ಲೇ ಹೋಗುತ್ತೀಯಂತೆ, ನಮ್ಮ ಎಣ್ಣೆ ಡಬ್ಬಿಗಳ ನಡುವೆ ಕುಳಿತು! ನಗು ಬಂತು. ಎಲ್ಲರಿಗೂ ಮತ ಇದೆ, ನಿನಗಿಲ್ಲ. ನಿನ್ನ ಉಡಿಗೆ ನಾನು ಏನೂ ಹಾಕಲಿಲ್ಲವಲ್ಲ. ನೀನು ಚುನಾವಣೆಗೆ ನಿಲ್ಲುವಂತಿಲ್ಲ, ಶಿಕ್ಕಾ ಒತ್ತುವಂತಿಲ್ಲ, ಮತಗಟ್ಟೆಯ ಒಳಗೆ ಕಾಲಿಡುವಂತಿಲ್ಲ. ಮದುವೆ ಮನೆಯ ಹೊರಗೆ ನಿಂತು ಊಟದ ರುಚಿ ಹೇಳುವವರ ಹಾಗೆ ಆಯಿತು ನಿನ್ನದು.

ಆದರೂ ಹೇಳಿಬಿಡುತ್ತೇನೆ, ಸುಳ್ಳು ನನಗಾಗುವುದಿಲ್ಲ. ಹುಡುಗರನ್ನು ಕಳಿಸಿದ್ದೆ. ಆ ಷೇರಿನ ಕಾಗದದಲ್ಲಿ ಅಚ್ಚಿನ ತಪ್ಪಾಗಿದೆ, ವಾಪಸು ಕೊಡಿ, ಬದಲಿಗೆ ಸ್ಟೀಲಿನ ಡಬ್ಬಿ ಕೊಡುತ್ತೇವೆ ಎಂದು ಹೇಳಿಸಿದೆ. ಒಬ್ಬಳೂ ಕೊಡಲಿಲ್ಲ. ಕಡೆಗೆ ನಾನೇ ಹೋದೆ. ಇಂಗಳೇಶ್ವರದಲ್ಲಿ ಒಬ್ಬ ಮುದುಕಿ, ಬಾಯಲ್ಲಿ ಹಲ್ಲಿಲ್ಲ, ನನ್ನ ಮುಖಕ್ಕೇ ಹೇಳಿದಳು:

"ಯಪ್ಪಾ, ಉಡ್ಯಾಗ ಹಾಕಿದ್ದನ್ನ ಹೊಳ್ಳಿ ಕೇಳತಾರೇನ? ತವರ್ಯಾಗಿನವರು ಯಾರರ ಕೇಳ್ಯಾರ? ನಿಮ್ಮ ಮನ್ಯಾಗ ಹೆಣ್ಮಕ್ಳ ಅದಾರಿಲ್ಲ?"

ನಾಲ್ಕು ಮಂದಿ ಗಂಡಸರು ಅಲ್ಲೇ ಕುಳಿತಿದ್ದರು. ಅವರೂ ಹೌದು ಹೌದೆಂದು ತಲೆ ಆಡಿಸಿದರು. ಅವಳು ಹೇಳಿದ್ದು ಸರಿಯೇ ಎಂದು ನನಗೂ ಗೊತ್ತು, ಅದೇ ಹೆಚ್ಚು ಉರಿಯಿತು.

ಇರಲಿ. ಹೆಂಗಸರ ಮತಕ್ಕೆ ಹೆಂಗಸಿನದೇ ಮದ್ದು. ಮಹಿಳಾ ಸ್ಥಾನಕ್ಕೆ ನಿಮ್ಮ ಅತ್ತಿಯನ್ನು ನಿಲ್ಲಿಸಿದ್ದೇನೆ. ಅವರ ಉಡಿ ತುಂಬಿದವಳು ಅವಳೇ, ಅವಳ ಮುಖ ನೋಡಿ ಮತ ಹಾಕುತ್ತಾರೆ. ಭಾಷಣದಲ್ಲಿ ಏನು ಹೇಳಲಿ ಎಂದು ಕೇಳಿದಳು. ಕೈ ಮುಗಿ, ಬಾಯಿ ಮುಚ್ಚು ಎಂದೆ. ಚೊಲೋ ಮಾಡುತ್ತಿದ್ದಾಳೆ.

ಮಡಿವಾಳಪ್ಪ, ಅಧ್ಯಕ್ಷ


ಬಸವನ ಬಾಗೇವಾಡಿ
19 ಮಾರ್ಚ್ 2024

ಮಾಮಾ,

ಅಧ್ಯಕ್ಷ ಎಂದು ಸಹಿ ಮಾಡುತ್ತಿದ್ದಿರಿ. ಈ ಸಲ ಲಕೋಟೆಯ ಮೇಲೆ ನಿಮ್ಮ ಹೆಸರಷ್ಟೇ ಬರೆದಿದ್ದೇನೆ. ಆ ಜಾಗ ಈಗ ಖಾಲಿ ಇದೆ.

ನಾನು ಒಳಗೆ ಬರುವಂತಿರಲಿಲ್ಲ, ನೀವು ಹೇಳಿದ್ದಿರಿ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಬಾಗೇವಾಡಿಯ ಕಡೆಯ ಗಾಡಿಗಳು ಬಂದದ್ದೇ ಬಂದದ್ದು. ನೀವು ಗೇಟಿನ ಹತ್ತಿರ ನಿಂತು ಒಬ್ಬೊಬ್ಬರಿಗೂ ಕೈ ಮುಗಿಯುತ್ತಿದ್ದಿರಿ. ಅವರೂ ಮುಗಿದರು, ಒಳಗೆ ಹೋಗಿ ಒತ್ತಿದರು. ನಿಮ್ಮ ಗುಂಪಿನಲ್ಲಿ ಗೆದ್ದವಳು ಅತ್ತಿ ಒಬ್ಬಳೇ, ಅದೂ ಎಲ್ಲರಿಗಿಂತ ಹೆಚ್ಚು ಮತ ಪಡೆದು. ನೀವು ಸಿಂದಗಿಯಿಂದ ತರಿಸಿಟ್ಟಿದ್ದ ದೊಡ್ಡ ಹಾರವನ್ನು ಗುರಪ್ಪ ಯಾರಿಗೆ ಹಾಕಬೇಕೆಂದು ತಿಳಿಯದೆ ಹಿಡಿದು ನಿಂತಿದ್ದ. ರೇವವ್ವ ಕಸಿದುಕೊಂಡು ಅತ್ತಿಯ ಕೊರಳಿಗೆ ಹಾಕಿದಳು. ನೀವು ಆಗಲೇ ಅಂಗಳದ ಮೂಲೆಯ ಖುರ್ಚಿಯಲ್ಲಿ ಕುಳಿತು ಚಪ್ಪಲಿ ಹುಡುಕುತ್ತಿದ್ದಿರಿ. ಚಪ್ಪಲಿ ನಿಮ್ಮ ಕಾಲಲ್ಲೇ ಇತ್ತು. ನಕ್ಕೆ. ಗಟ್ಟಿಯಾಗಿ ನಕ್ಕೆ, ನಿಮಗೆ ಕೇಳಲಿ ಎಂದೇ.

ಇನ್ನೊಂದು ಹೇಳುತ್ತೇನೆ, ಕುಳಿತು ಓದಿರಿ. ಎಲ್ಲರನ್ನೂ ಸೋಲಿಸಿ, ಅತ್ತಿಗೆ ಮಾತ್ರ ಹಾಕಿರಿ ಎಂದು ಮನೆಮನೆಗೆ ಹೇಳಿದವಳು ನಾನೇ. ಇದು ಅತ್ತಿಗೂ ಗೊತ್ತಿತ್ತು. ಆಸಿಫ ನಿಮ್ಮ ಪತ್ರ ತಂದಾಗಲೆಲ್ಲ ಅವಳ ಮಾತನ್ನೂ ಬಾಯಲ್ಲಿ ತರುತ್ತಿದ್ದ. "ನನ್ನನ್ನ ಖುರ್ಚಿ ಮ್ಯಾಲ ಕುಂದ್ರಸು, ಬಾಗೇವಾಡಿ ಗಲ್ಲಾ ನಿನ್ನ ಕೈಯಾಗ ಕೊಡ್ತೇನಿ" ಎಂದು ಅವಳು ಹೇಳಿ ಕಳಿಸಿದ್ದಳು. ಗೆದ್ದ ಉಳಿದವರು ಅವಳನ್ನೇ ಅಧ್ಯಕ್ಷೆ ಮಾಡಲು ಒಪ್ಪಿದ್ದಾರೆ. ಕೈ ಮುಗಿ, ಬಾಯಿ ಮುಚ್ಚು ಎಂದಿದ್ದಿರಲ್ಲ, ನಿಮ್ಮ ಮುಂದೆ ಮುಚ್ಚಿಕೊಂಡೇ ಇದ್ದಳು.

ಯುಗಾದಿಯಿಂದ ನಾನು ನಿಮ್ಮ ಅಂಗಡಿಯ ಗಲ್ಲಾದ ಮೇಲೆ ಕೂರುತ್ತೇನೆ. ಬಂದು ನೋಡಿರಿ. ಉಪ್ಪಿಟ್ಟು ಮಾಡಿಸಿಡುತ್ತೇನೆ.

ಜಯಮಾಲಾ


ಇಂಡಿ
3 ಏಪ್ರಿಲ್ 2024

ಚಿ. ಜಯಮಾಲಾಗೆ, ರಾಶಿ ಸಹಕಾರಿ ಬಜಾರದ ಅಧ್ಯಕ್ಷೆ ಸಿದ್ದಲಿಂಗವ್ವ ಹೇಳಿ ಬರೆಸಿದ್ದು. ಅವಳಿಗೆ ಸಹಿಯ ಹೊರತು ಬರೆಯಲು ಬಾರದು, ಆದ್ದರಿಂದ ಕೈ ಮಡಿವಾಳಪ್ಪನದು. ಮಾತು ಅವಳು ಆಡಿದಂತೆಯೇ ಬರೆಯಬೇಕೆಂದು ಆಜ್ಞೆ.

ಜಯಾ, ಚೊಲೋ ಅದೀಯೇನ? ಭಾಗ್ಯಾ ಚೊಲೋ ಅದಾಳೇನ? ನನ್ನ ಮೊಣಕಾಲ ಈಗ ಕಡಿಮಿ ಐತಿ. ಆಫೀಸಿನ್ಯಾಗ ಖುರ್ಚಿಗೆ ಗಾದಿ ಹಾಕ್ಸೇನಿ.

ನಿನಗ ಗಲ್ಲಾ ಕೊಡ್ತೇನಿ ಅಂದಿದ್ದೆ. ಅಂದಿದ್ದು ಖರೇ. ಮೊನ್ನಿ ಮೀಟಿಂಗಿನ್ಯಾಗ ಮಾತ ತಗದೆ. ಬಾಗೇವಾಡಿ ಹೆಣ್ಮಕ್ಳೂ ಬಂದಿದ್ರು. ಬ್ಯಾಡ ಅಂದ್ರು. ಎಲ್ಲಾರಿಗಿಂತ ಮೊದಲ ಕೈ ಎತ್ತಿದಾಕಿ ರೇವವ್ವ. ಹಂತಿ ಬಜಾರ ಯಾಕ ಮುಚ್ಚಿತು ಅಂತ ಎಲ್ಲಾರಿಗೂ ಗೊತ್ತೈತಿ, ಮುಂಜಾನಿ ಅಕಿ ಕೈಲೆ ಗಲ್ಲಾ ತಗಿಸಿದ್ದಕ್ಕ ಮುಚ್ಚಿತು, ನಮ್ದೂ ಮುಚ್ಚಬೇಕೇನು ಅಂದ್ರು.

ನಿಮ್ಮ ಮಾಮಾ ಅಲ್ಲೇ ಹಿಂದ ಕುಂತಿದ್ದ. ಎದ್ದ ನಿಂತ, ಅದು ಸುಳ್ಳ, ಆ ಮಾತ ಚಹಾದಂಗಡ್ಯಾಗ ನಾನ ಹುಟ್ಟಿಸಿದ್ದು ಅಂದ. (ಅಂದೆ. ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಜನ ನಕ್ಕರು. ನನ್ನ ಮಾತಿಗೆ ಜನ ನಗುತ್ತಾರೆ ಎಂದು ನಿನಗೆ ಹಿಂದೆಯೇ ಬರೆದಿದ್ದೆ. — ಮ.) ಹುಟ್ಟಿಸಿದವರು ಯಾರಾದ್ರ ಏನು ಜಯಾ, ಈಗ ಅದು ತನ್ನ ಕಾಲ ಮ್ಯಾಲ ತಾನ ನಡ್ಯಾಕತ್ತೈತಿ. ಮಂದೀ ಮಾತ ಮೀರಿದ್ರ ನನ್ನ ಖುರ್ಚಿ ಉಳಿತೈತೇನ?

ನಿನಗ ನನ್ನ ಮ್ಯಾಲ ಸಿಟ್ಟ ಬಂದೀತು. ಉಡಿ ತುಂಬೂ ದಿನ ನಾ ಅಳಾಕತ್ತಿದ್ದೆ ಅಂತ ನೀ ಆಸಿಫನ ಮುಂದ ಅಂದಿದ್ದೆಂತ. ನಾ ಅತ್ತಿಲ್ಲವ್ವಾ. ಹೊಗಿ ಇತ್ತು, ಊದಿನಕಡ್ಡೀದು.

ಗಲ್ಲಾದ ಮ್ಯಾಲ ರೇವವ್ವ ಕುಂದರ್ತಾಳ. ಅಕಿಗೆ ಲೆಕ್ಕ ಬರೂದಿಲ್ಲ. ಅದಕ್ಕ ನೀ ಬೇಕು. ನೀ ಹಿಂದಿನ ಕೋಣ್ಯಾಗ ಕುಂತು ಲೆಕ್ಕ ಹಾಕಿ ಕೊಡು, ಅಕಿ ಮುಂದ ಹೇಳತಾಳ. ಗಿರಾಕಿ ಇದ್ದಾಗ ಈ ಕಡೆ ಬರಬ್ಯಾಡ. ಪಗಾರ ಐತಿ, ಭಾಗ್ಯಾನ ಸಾಲಿ ಫೀ ಸಂಘ ಕಟ್ಟತೈತಿ. ನಿಮ್ಮ ಮಾಮಾ ಕೊಟ್ಟಿಗಿ ಬಾಜೂ ಕೋಣಿ ಕೊಡ್ತೇನಿ ಅಂದಿದ್ದ, ನಾ ಪಗಾರ ಕೊಡ್ತೇನಿ. ಫರಕ ನೋಡು.

ದಸರಾಕ್ಕ ಮುದ್ದೇಬಿಹಾಳದಾಗ ಹೊಸಾ ಅಂಗಡಿ ತಗೀತೇವಿ, ಹಂತಿಯವ್ರ ಹಿರೇ ಅಂಗಡಿ ಎದುರಿಗೇ. ಬ್ಯಾಡ, ಒಮ್ಮಿ ಮಾತ ಮುರಿದದ್ದು ಸಾಕು ಅಂತ ಗುರಪ್ಪ ಅಂದ. ಮುರಿದಿದ್ದನ್ನ ಮತ್ತ ಮುರ್ಯಾಕ ಬರೂದಿಲ್ಲ ಅಂದೆ. ಅಲ್ಲೂ ಉಡಿ ತುಂಬೂದೈತಿ. ಷೇರು ಮಾತ್ರ ಇಡೂದಿಲ್ಲ, ಅಷ್ಟು ಶ್ಯಾಣ್ಯಾತನ ನಿಮ್ಮ ಮಾಮಾನ ಕಡಿಂದ ಕಲತೇನಿ. ಅಕ್ಕಿ, ಉತ್ತತ್ತಿ, ಖಣ ಎಲ್ಲಾ ಪೊಟ್ಟಣ ಕಟ್ಟೂದು ನಿನ್ನ ಕೆಲಸ. ನಿನ್ನ ಕೈ ಚೊಕ್ಕ. ನೀ ಕಟ್ಟಿದ್ದು ಅಂತ ಯಾರಿಗೂ ತಿಳಿಯೂದು ಬ್ಯಾಡ.

ಇನ್ನೊಂದ ಮಾತ. ಮುದ್ದೇಬಿಹಾಳದ ಆ ಹಂತಿ ಅಂಗಡ್ಯಾಗ ಮುಂಜಾನಿ ಗಲ್ಲಾ ಯಾರ್ ತೆಗೀತಾರ? ನೀ ಅವರ ಕೈಯಾಗ ದುಡದಾಕಿ, ನಿನಗ ಗೊತ್ತಿರತೈತಿ. ಬರದು ಕಳಸು.

(ಇದನ್ನು ಬರೆಯುವುದಿಲ್ಲ ಎಂದೆ. "ಬರಿ" ಎಂದಳು. ಬರೆದಿದ್ದೇನೆ. — ಮ.)

ನೀ ಒಲ್ಲೆ ಅಂದ್ರ ಬೇಗ ತಿಳಸು. ಮತ್ತೊಬ್ಬಾಕಿನ್ನ ನೋಡಬೇಕು.

ಸಿದ್ದಲಿಂಗವ್ವ
ಅಧ್ಯಕ್ಷೆ


ಬಸವನ ಬಾಗೇವಾಡಿ
11 ಏಪ್ರಿಲ್ 2024

ಮಾಮಾ,

ಇದನ್ನು ಅತ್ತಿಗೆ ಓದಿ ಹೇಳಿರಿ.

ಸೋಮವಾರದಿಂದ ಬರುತ್ತೇನೆ. ಹಿಂದಿನ ಬಾಗಿಲಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಆಸಿಫನ ಕೈಯಲ್ಲಿ ತಿಳಿಸಿರಿ.

ಮುದ್ದೇಬಿಹಾಳದಲ್ಲಿ ಗಲ್ಲಾ ತೆಗೆಯುವವಳು ಸೀತವ್ವ. ಈ ಕೆಲಸ ನನಗೆ ಕಲಿಸಿದವಳು ಅವಳೇ. ಹಣೆಗೆ ಕುಂಕುಮ ಇಡುತ್ತಾಳೆ, ಆದ್ದರಿಂದ ಅಲ್ಲಿಯವರಿಗೆ ತಿಳಿದಿಲ್ಲ. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಯಿತು.

ಜಯಮಾಲಾ